ಸೊಸೈಟಿನಾ, ಸರ್ಕಾರಿ ಬ್ಯಾಂಕಾ, ಖಾಸಗಿಯಾ? ಕೊಡಗಿನ ಬೆಳೆಗಾರರಿಗೆ ಒಂದು ಹೋಲಿಕೆ

ನಮ್ಮ ಮನೆಯ ಬೀರುವಿನಲ್ಲಿ ಅಪ್ಪನ ಒಂದೇ ಖಾತೆಯ ಮೂರು ಪಾಸ್‌ಬುಕ್ ಇವೆ. ಮೊದಲನೆಯದರ ಮೇಲೆ ಚಿಕ್ಕಮಗಳೂರು-ಕೊಡಗು ಗ್ರಾಮೀಣ ಬ್ಯಾಂಕ್ ಎಂದಿದೆ. 2012ರಲ್ಲಿ ಅದು ಕಾವೇರಿ ಗ್ರಾಮೀಣ ಬ್ಯಾಂಕ್ ಆಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್. 2025ರ ಮೇ 1ಕ್ಕೆ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಇದರ ಜೊತೆ ಸೇರಿ, ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್, ಮುಖ್ಯ ಕಚೇರಿ ಬಳ್ಳಾರಿಯಲ್ಲಿ. ಪಕ್ಕದ ಮನೆಯ ಮಾವನದು ವಿಜಯಾ ಬ್ಯಾಂಕ್ ಖಾತೆ, 2019ರಿಂದ ಬರೋಡಾ. ಚಿಕ್ಕಪ್ಪನದು ಸಿಂಡಿಕೇಟ್, 2020ರಿಂದ ಕೆನರಾ. ಅತ್ತೆಯ ಪಿಂಚಣಿ ಬರುತ್ತಿದ್ದುದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿಗೆ, 2017ರಿಂದ ಎಸ್‌ಬಿಐ.

ಬೋರ್ಡ್ ಬದಲಾದರೆ ಏನಂತೆ, ದುಡ್ಡು ಅಲ್ಲೇ ಇದೆಯಲ್ಲ ಅಂತ ನಾನೂ ಅಂದುಕೊಂಡಿದ್ದೆ. ತೋಟದ ಸಾಲಕ್ಕೆ ಅಂತ ಒಂದು ಬ್ಯಾಂಕಿಗೆ ಹೋದಾಗ (ಹೆಸರು ಬೇಡ ಬಿಡಿ) ವಿಷಯ ಗೊತ್ತಾಯಿತು. ಹೊಸದಾಗಿ ಬೇರೆ ರಾಜ್ಯದಿಂದ ಬಂದಿದ್ದ ಮ್ಯಾನೇಜರ್ ಪಹಣಿ ತಿರುಗಿಸಿ ನೋಡಿ, 'ಸರ್, ಇಷ್ಟು ಜನರ ಹೆಸರಿದೆ, ನಿಮ್ಮ ಪಾಲು ಎಷ್ಟು ಅಂತ ಎಲ್ಲಿದೆ?' ಅಂದರು. ಜಮ್ಮಾ ಬಾಣೆ ಸರ್, ಕೊಡಗಿನ ವಂಶಪಾರಂಪರ್ಯದ ಜಾಗ, ಪಟ್ಟೆದಾರರ (ಮನೆತನದ ಹಿರಿಯರ) ಹೆಸರು ಮುಂದೆ, ಒಕ್ಕದವರ (ಮನೆತನದವರ) ಹೆಸರು ಜಂಟಿಯಾಗಿ ಇರುತ್ತದೆ ಅಂತ ಅರ್ಧ ಗಂಟೆ ವಿವರಿಸಿದೆ. ಅವರು ಕೆಟ್ಟವರಲ್ಲ, ಪಾಪ, ಅವರಿಗೆ ಗೊತ್ತಿರಲಿಲ್ಲ ಅಷ್ಟೆ. ಅದೇ ಕುರ್ಚಿಯಲ್ಲಿ ಹತ್ತು ವರ್ಷದ ಹಿಂದೆ ಕೂತಿದ್ದವರಿಗೆ ಅದು ಅರ್ಥವಾಗಲು ಐದು ನಿಮಿಷ ಸಾಕಿತ್ತು. ಕೊನೆಗೆ ಸಾಲ ಸಿಕ್ಕಿದ್ದು ಮೂರು ತಿಂಗಳ ನಂತರ. ಅಷ್ಟರಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಂದು ಹೋಗಿತ್ತು, ಸ್ಪ್ರಿಂಕ್ಲರ್‌ಗೆ ಅಂತ ಕೇಳಿದ ದುಡ್ಡು ಆ ವರ್ಷಕ್ಕೆ ಉಪಯೋಗಕ್ಕೆ ಬರಲಿಲ್ಲ.

ಬಡ್ಡಿ ದರ ಎಲ್ಲಿ ಕಮ್ಮಿ ಅಂತ ಕೇಳುವುದು ತಪ್ಪಲ್ಲ. ಆದರೆ ಅದು ಮೂರನೇ ಪ್ರಶ್ನೆ. ಮೊದಲನೆಯದು, ಈ ಬ್ಯಾಂಕಿನಲ್ಲಿ ನನ್ನ ಕೆಲಸ ಗೊತ್ತಿರುವವರು ಇದ್ದಾರಾ? ಎರಡನೆಯದು, ಈ ಬ್ಯಾಂಕು ಬಡ್ಡಿ ಬಿಟ್ಟು ಬೇರೆ ಯಾವುದರಿಂದ ದುಡಿಯುತ್ತದೆ? ಬ್ಯಾಂಕಿಂಗ್ ಓದುವವರು ಮೊದಲನೆಯದನ್ನು ಬೌದ್ಧಿಕ ಬಂಡವಾಳ ಅನ್ನುತ್ತಾರೆ, ಎರಡನೆಯದನ್ನು ಆದಾಯದ ವೈವಿಧ್ಯ. ಹೆಸರು ಭಾರ, ವಿಷಯ ಸರಳ.

ತಲೆಯಲ್ಲಿರುವ ಬಂಡವಾಳ

ಬೌದ್ಧಿಕ ಬಂಡವಾಳದಲ್ಲಿ ಮೂರು ಭಾಗ. ಸಿಬ್ಬಂದಿಯ ತಿಳಿವಳಿಕೆ ಒಂದು. ಅವರು ಮನೆಗೆ ಹೋದ ಮೇಲೂ ಬ್ಯಾಂಕಿನಲ್ಲೇ ಉಳಿಯುವ ಸಾಫ್ಟ್‌ವೇರ್, ಕಡತ, ಪದ್ಧತಿ ಇನ್ನೊಂದು. ಮೂರನೆಯದು ಗ್ರಾಹಕರ ಜೊತೆಗಿನ ಸಂಬಂಧ. ಈ ಮೂರನೆಯದಕ್ಕೆ ನಮ್ಮ ಕಡೆಯದೇ ಒಳ್ಳೆ ಉದಾಹರಣೆ ಇದೆ. ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ತಂದಿತು, ದಿನಕ್ಕೆ ಎರಡಾಣೆ, ಏಜೆಂಟ್ ಮನೆ ಬಾಗಿಲಿಗೇ ಬಂದು ಪಡೆಯುತ್ತಿದ್ದ. ಬ್ಯಾಂಕಿಗೆ ಸಿಕ್ಕಿದ್ದು ಬರೀ ಎರಡಾಣೆ ಅಲ್ಲ. ಯಾರ ಅಂಗಡಿ ಹೇಗೆ ನಡೆಯುತ್ತಿದೆ, ಯಾರು ಮಾತಿಗೆ ತಪ್ಪುವುದಿಲ್ಲ, ಇದೆಲ್ಲ ದಿನಾ ಗೊತ್ತಾಗುತ್ತಿತ್ತು. ಇವತ್ತು ಸಿಬಿಲ್ ಸ್ಕೋರ್ ಮಾಡುವ ಕೆಲಸವನ್ನು ಆ ಏಜೆಂಟನ ಕಾಲು ಮಾಡುತ್ತಿತ್ತು.

ಇದನ್ನು ಅಳೆಯುವುದಕ್ಕೆ ಕ್ರೊಯೇಷಿಯಾದ ಆಂಟೆ ಪುಲಿಕ್ ಎಂಬವರು ಒಂದು ಲೆಕ್ಕ ಮಾಡಿದ್ದಾರೆ. ಭಾರತ, ಪಾಕಿಸ್ತಾನ, ಬಾಂಗ್ಲಾದಂಥ ದೇಶಗಳ ಬ್ಯಾಂಕುಗಳ ಅಧ್ಯಯನಗಳಲ್ಲಿ ಬಹಳ ಸಲ ಕಾಣುವುದು ಇದೇ. ಸುಮ್ನೆ ಒಂದು ಉದಾಹರಣೆ. ಬ್ಯಾಂಕು ಒಂದು ವರ್ಷಕ್ಕೆ ಸೃಷ್ಟಿಸಿದ ಮೌಲ್ಯ, ಅಂದರೆ ಲಾಭ, ಸಂಬಳ, ಸವಕಳಿ ಎಲ್ಲ ಕೂಡಿದರೆ 300 ಕೋಟಿ ಅಂತಿಟ್ಟುಕೊಳ್ಳಿ, ಸಂಬಳದ ಖರ್ಚು 150 ಕೋಟಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 2. ಸಂಬಳಕ್ಕೆ ಹಾಕಿದ ಪ್ರತಿ ರೂಪಾಯಿಗೆ ಎರಡು ರೂಪಾಯಿ ಹುಟ್ಟಿತು. ಇದಕ್ಕೆ ಇನ್ನೆರಡು ಅನುಪಾತ ಸೇರಿಸಿ ಒಟ್ಟು ಅಂಕ ಕೊಡುತ್ತಾರೆ.

ಲೆಕ್ಕ ಚೆಂದ ಇದೆ, ಆದರೆ ನನಗೆ ಅದರ ಮೇಲೆ ಪೂರ್ತಿ ನಂಬಿಕೆ ಇಲ್ಲ. ಸಂಬಳವೇ ತಿಳಿವಳಿಕೆ ಅಂದುಕೊಂಡು ಹೊರಡುತ್ತದೆ ಅದು. 2024ರ ಮಾರ್ಚ್‌ನಲ್ಲಿ ಬ್ಯಾಂಕ್ ನೌಕರರ ವೇತನ ವೆಚ್ಚ 17% ಏರಿಸುವ ಒಪ್ಪಂದಕ್ಕೆ ಸಹಿ ಬಿತ್ತು. ಮೇಲಿನ ಬ್ಯಾಂಕಿನಲ್ಲಿ 150 ಕೋಟಿ ಸುಮಾರು 175 ಆಗುತ್ತದೆ, ಅಂಕ 2ರಿಂದ 1.7ಕ್ಕೆ ಇಳಿಯುತ್ತದೆ. ಆ ರಾತ್ರಿ ಯಾರ ತಲೆಯಿಂದಲೂ ತಿಳಿವಳಿಕೆ ಸೋರಿ ಹೋಗಲಿಲ್ಲವಲ್ಲ? ಇನ್ನು ನಿಮ್ಮ ಶಾಖೆಯ ಕುರ್ಚಿಯಲ್ಲಿ ಕೂತವರಿಗೆ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ), ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ಒಣಗಿಸಿದ್ದು) ವ್ಯತ್ಯಾಸ ಗೊತ್ತಿದೆಯೋ ಇಲ್ಲವೋ ಅನ್ನುವುದಂತೂ ಯಾವ ಅಂಕದಲ್ಲೂ ಸಿಗುವುದಿಲ್ಲ. ಹೋಗಿ ಮಾತಾಡಿಯೇ ತಿಳಿಯಬೇಕು.

ಕಾಫಿ, ಕರಿಮೆಣಸು, ಹೋಂಸ್ಟೇ

ಆದಾಯದ ವೈವಿಧ್ಯದ ಪಾಠವನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಿಲ್ವರ್ ಓಕ್‌ಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದು, ಹಳೆ ಮನೆಗೆ ಎರಡು ಅಟ್ಯಾಚ್ಡ್ ಬಾತ್‌ರೂಮ್ ಕಟ್ಟಿ ಹೋಂಸ್ಟೇ ಮಾಡಿದ್ದು, ಎಲ್ಲ ಅದೇ ತಾನೇ? ಕಾಫಿ ರೇಟು ಬಿದ್ದರೆ ಮೆಣಸು ಕಾಪಾಡಲಿ, ಎರಡೂ ಬಿದ್ದರೆ ಬೆಂಗಳೂರಿನವರು ಬಂದು ರೂಮು ಹಿಡಿಯಲಿ.

2018ರ ಆಗಸ್ಟ್ ಬಂತು. ಕಾಯಿ ಉದುರಿತು, ಮೆಣಸಿನ ಬಳ್ಳಿಗೆ ಸೊರಗು ರೋಗ, ಗುಡ್ಡ ಕುಸಿದು ರಸ್ತೆ ಇಲ್ಲ, ಪ್ರವಾಸಿಗರೂ ಇಲ್ಲ. ಮೂರು ಆದಾಯ ಇದ್ದವರದು ಮೂರೂ ಒಂದೇ ವಾರದಲ್ಲಿ ನಿಂತಿತು. ಅದೇ ಹೊತ್ತಿಗೆ ಮಗಳು ಮೈಸೂರಿನಲ್ಲಿ ಕೆಲಸದಲ್ಲಿದ್ದ ಮನೆಯಲ್ಲಿ ಒಂದೇ ಒಂದು ಸಂಬಳ ಬರುತ್ತಾ ಇತ್ತು. ಎಷ್ಟು ಥರದ ಆದಾಯ ಇದೆ ಅನ್ನುವುದಕ್ಕಿಂತ, ಒಂದು ಬಿದ್ದಾಗ ಇನ್ನೊಂದೂ ಜೊತೆಗೇ ಬೀಳುತ್ತದಾ ಅನ್ನುವುದನ್ನು ನೋಡಬೇಕು.

ಬ್ಯಾಂಕಿನದೂ ಹಾಗೇ. ಬಡ್ಡಿ ಮುಖ್ಯ ಬೆಳೆ. ಉಳಿದದ್ದು ಶುಲ್ಕ, ವಿಮೆ ಮಾರಿದ ಕಮಿಷನ್, ಸರ್ಕಾರಿ ಬಾಂಡ್ ಕೊಂಡು ಮಾರಿದ ಲಾಭ, ಲಾಕರ್ ಬಾಡಿಗೆ, ವಿದೇಶಿ ವಿನಿಮಯ ಇತ್ಯಾದಿ. ಅಮೆರಿಕದ ಬ್ಯಾಂಕುಗಳನ್ನು ನೋಡಿದ ಕೆವಿನ್ ಸ್ಟಿರೋ 2004ರಲ್ಲಿ, ಬಡ್ಡಿಯಲ್ಲದ ಆದಾಯ ಜಾಸ್ತಿ ಏರಿಳಿತದ್ದು, ಅದರಿಂದ ಹೇಳುವಷ್ಟು ಲಾಭ ಕಾಣುವುದಿಲ್ಲ ಅಂತ ಬರೆದರು. 2011ರಲ್ಲಿ ಸಾನ್ಯಾ ಮತ್ತು ವೂಲ್ಫ್ ಎಂಬವರು ಬೆಳೆಯುತ್ತಿರುವ 11 ದೇಶಗಳ 226 ಬ್ಯಾಂಕುಗಳನ್ನು ನೋಡಿ, ಇಲ್ಲ, ಈ ದೇಶಗಳಲ್ಲಿ ಆದಾಯ ಹಂಚಿಕೊಂಡಿರುವ ಬ್ಯಾಂಕುಗಳಿಗೆ ಮುಳುಗುವ ಅಪಾಯ ಕಮ್ಮಿ, ಲಾಭವೂ ಇದೆ ಅಂದರು. ನನಗೆ ಎರಡೂ ನಿಜ ಅನಿಸುತ್ತದೆ. ಬೇರೆ ಬೇರೆ ತೋಟ, ಬೇರೆ ಬೇರೆ ಮಳೆ.

ಜೊತೆಗೇ ಬೀಳುವುದಕ್ಕೆ ಉದಾಹರಣೆ ಬೇಕಾದರೆ ಯೆಸ್ ಬ್ಯಾಂಕ್ ನೋಡಿ. ದೊಡ್ಡ ಕಂಪನಿಗಳಿಗೆ ಸಾಲ ಕೊಡುವಾಗ ಬರುವ ಶುಲ್ಕದಿಂದ ಅದರ ಇತರ ಆದಾಯ ದಪ್ಪಗೆ ಕಾಣುತ್ತಿತ್ತು. ಆ ಸಾಲಗಳೇ ಕೆಟ್ಟಾಗ ಬಡ್ಡಿಯೂ ಹೋಯಿತು, ಶುಲ್ಕವೂ ಹೋಯಿತು. 2020ರ ಮಾರ್ಚ್ 5ರಿಂದ ಕೆಲವು ದಿನ ಖಾತೆದಾರರು 50,000 ರೂಪಾಯಿಗಿಂತ ಹೆಚ್ಚು ತೆಗೆಯುವ ಹಾಗಿರಲಿಲ್ಲ.

ನೀವೇ ನೋಡುವುದು ಹೇಗೆ? ವಾಣಿಜ್ಯ ಬ್ಯಾಂಕಿನ ವಾರ್ಷಿಕ ವರದಿ ವೆಬ್‌ಸೈಟಿನಲ್ಲಿ ಇರುತ್ತದೆ. ಲಾಭ-ನಷ್ಟದ ಪುಟದಲ್ಲಿ ಶೆಡ್ಯೂಲ್ 13 ಬಡ್ಡಿ ಆದಾಯ, 14 ಇತರ ಆದಾಯ, 15 ಕಟ್ಟಿದ ಬಡ್ಡಿ, 16 ನಿರ್ವಹಣಾ ಖರ್ಚು, ಸಿಬ್ಬಂದಿ ಸಂಬಳ ಸಿಗುವುದು ಇದರಲ್ಲೇ. 13ರಿಂದ 15 ಕಳೆಯಿರಿ, ಅದು ನಿವ್ವಳ ಬಡ್ಡಿ. ಅದರ ಪಕ್ಕ 14 ಇಟ್ಟು ನೋಡಿ. ನೂರರಲ್ಲಿ 80 ಬಡ್ಡಿ, 20 ಇತರ ಅಂದರೆ ವೈವಿಧ್ಯದ ಸೂಚ್ಯಂಕ (1ರಿಂದ ಎರಡೂ ಪಾಲಿನ ವರ್ಗ, ಅಂದರೆ 0.64 ಮತ್ತು 0.04, ಕಳೆದದ್ದು) 0.32, ಎರಡೂ ಐವತ್ತೈವತ್ತು ಆದರೆ 0.5, ಅದಕ್ಕಿಂತ ಮೇಲೆ ಹೋಗುವುದಿಲ್ಲ. ಆಮೇಲೆ 14ರ ಒಳಗೆ ಇಣುಕಿ. ಬಾಂಡ್ ಮಾರಿದ ಲಾಭವೇ ಜಾಸ್ತಿ ಇದ್ದರೆ ಅದು ಹೂಮಳೆ ಇದ್ದ ಹಾಗೆ, ಒಂದು ವರ್ಷ ಬರುತ್ತದೆ, ಒಂದು ವರ್ಷ ಇಲ್ಲ. ಕಮಿಷನ್ನೇ ಜಾಸ್ತಿ ಇದ್ದರೆ ಕೌಂಟರಿನಲ್ಲಿ ನಿಮಗೆ ವಿಮೆ ಫಾರಂ ಕೊಡುವವರು ಇರುತ್ತಾರೆ ಅಂತ ತಿಳಿಯಿರಿ.

ಸೊಸೈಟಿ

ಈಗ ಒಂದೊಂದಾಗಿ ನೋಡೋಣ. ನಾವು ಸೊಸೈಟಿ, ವಿಎಸ್‌ಎಸ್‌ಎನ್, ಪ್ಯಾಕ್ಸ್ ಅಂತೆಲ್ಲ ಕರೆಯುವ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಿಂದಲೇ ಶುರು ಮಾಡುತ್ತೇನೆ, ಬೆಳೆಸಾಲಕ್ಕೆ ಇದನ್ನು ಮೀರಿಸಿದ್ದು ಇಲ್ಲ. ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ ಶೂನ್ಯ ಬಡ್ಡಿ ಬೆಳೆಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು, 3% ಬಡ್ಡಿಯ ದೀರ್ಘಾವಧಿ ಸಾಲವನ್ನು 10ರಿಂದ 15 ಲಕ್ಷಕ್ಕೆ. ನಿಮಗೆ ಎಷ್ಟು ಸಿಗುತ್ತದೆ ಅನ್ನುವುದು ಎಕರೆ, ಬೆಳೆ, ಸಂಘದ ಹತ್ತಿರ ಇರುವ ದುಡ್ಡು ಇವುಗಳ ಮೇಲೆ ಹೋಗುತ್ತದೆ. ಗಡುವು ತಪ್ಪಿದರೆ ಶೂನ್ಯ ಬಡ್ಡಿ ಇಲ್ಲ. ಅದಕ್ಕೇ ಎಷ್ಟೋ ಜನ ಕೊನೆ ದಿನ ಕೈಸಾಲ ಮಾಡಿ ಕಟ್ಟಿ, ರಿನ್ಯೂವಲ್ ಆದ ತಕ್ಷಣ ತೆಗೆದು ವಾಪಸ್ ಕೊಡುವುದು. ಕೈಸಾಲದ ಬಡ್ಡಿಯನ್ನೂ ಲೆಕ್ಕಕ್ಕೆ ಹಿಡಿಯಿರಿ, ಆಗ ಅದು ಪೂರ್ತಿ ಶೂನ್ಯ ಅಲ್ಲ.

ತಿಳಿವಳಿಕೆಯ ಲೆಕ್ಕದಲ್ಲಿ ಸೊಸೈಟಿ ಶ್ರೀಮಂತ. ಕಾರ್ಯದರ್ಶಿಗೆ ನಿಮ್ಮ ಅಜ್ಜನ ಕಾಲದಿಂದ ತೋಟ ಗೊತ್ತು, ಜಮ್ಮಾ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ, ಆಡಳಿತ ಮಂಡಳಿಯವರು ನಿಮ್ಮ ಜೊತೆ ಕೈಲ್ ಪೊಳ್ದ್ ಹಬ್ಬದ ಊಟ ಮಾಡಿದವರು. ಆದಾಯವೂ ಒಂದೇ ಕಡೆಯದಲ್ಲ. ಗೊಬ್ಬರ, ಔಷಧಿ, ಪಡಿತರ, ಗೋದಾಮು, ಸಭಾಂಗಣದ ಬಾಡಿಗೆ, ಆಭರಣ ಸಾಲ, ಹೀಗೆ. ಆದರೆ ನೋಡಿ, ಗೊಬ್ಬರ ಕೊಳ್ಳುವವರೂ ಸಾಲ ತೆಗೆದವರೂ ಒಬ್ಬರೇ. 2018ರಂಥ ವರ್ಷ ಬಂದರೆ ಎರಡೂ ಜೊತೆಗೇ ನಿಲ್ಲುತ್ತದೆ.

ಸೊಸೈಟಿಯ ಕೊರತೆ ಎರಡನೇ ಭಾಗದಲ್ಲಿ, ಅಂದರೆ ಪದ್ಧತಿಯಲ್ಲಿ. ಎಲ್ಲ ಒಬ್ಬರ ತಲೆಯಲ್ಲಿ, ಅವರು ನಿವೃತ್ತಿ ಆದರೆ ಕಥೆ ಮುಗಿಯಿತು. ದೇಶದ 63,000 ಸಂಘಗಳನ್ನು ಕಂಪ್ಯೂಟರಿಗೆ ತರುವ ಯೋಜನೆಗೆ ಕೇಂದ್ರ 2022ರಲ್ಲಿ ಒಪ್ಪಿಗೆ ಕೊಟ್ಟಿದ್ದು ಇದಕ್ಕೇ. ಇನ್ನೊಂದು ವಿಷಯ, ಇದನ್ನು ಜೋರಾಗಿಯೇ ಹೇಳಬೇಕು: ಸೊಸೈಟಿಯಲ್ಲಿಟ್ಟ ಠೇವಣಿಗೆ ಠೇವಣಿ ವಿಮೆ ಇಲ್ಲ. ಅದು ಬ್ಯಾಂಕ್ ಅಲ್ಲ, ಸಂಘ. ಅರ್ಧ ಪರ್ಸೆಂಟ್ ಜಾಸ್ತಿ ಬಡ್ಡಿ ಕೊಡುತ್ತಾರೆ ಅಂತ ನಿವೃತ್ತಿಯ ದುಡ್ಡೆಲ್ಲ ಅಲ್ಲಿ ಇಡಬೇಡಿ. ಸ್ವಲ್ಪ ಇಡಿ, ಅದೂ ಆಡಿಟ್ ವರ್ಗ 'ಎ' ಇದೆಯಾ ನೋಡಿ.

ಡಿಸಿಸಿ, ಅಂದರೆ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕು, ಸೊಸೈಟಿಗಳ ಮೇಲಿನ ಹಂತ, ಮಡಿಕೇರಿಯಲ್ಲಿ ಮುಖ್ಯ ಕಚೇರಿ. ಇದು ಬ್ಯಾಂಕ್ ಆದ್ದರಿಂದ ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಈ ಮಿತಿ 2020ರ ಫೆಬ್ರವರಿವರೆಗೆ ಬರೀ 1 ಲಕ್ಷ ಇತ್ತು, ಅಸಲು-ಬಡ್ಡಿ ಎರಡೂ ಸೇರಿ. ತಿಳಿವಳಿಕೆ ಸೊಸೈಟಿಯಷ್ಟೇ ಹತ್ತಿರದ್ದು, ಪದ್ಧತಿ ಅದಕ್ಕಿಂತ ಉತ್ತಮ. ಆದರೆ ಜಿಲ್ಲೆ ಒಂದೇ, ಬೆಳೆ ಒಂದೇ. ವಿಮೆ ಮಿತಿಯ ಒಳಗೆ ಠೇವಣಿ ಧೈರ್ಯವಾಗಿ ಇಡಬಹುದು ಅನ್ನುತ್ತೇನೆ.

ಗ್ರಾಮೀಣ ಬ್ಯಾಂಕ್

ಕೇಂದ್ರದ್ದು 50%, ಪ್ರಾಯೋಜಕ ಬ್ಯಾಂಕಿನದು 35%, ರಾಜ್ಯದ್ದು 15% ಪಾಲು. ಇಲ್ಲಿ ಪ್ರಾಯೋಜಕ ಕೆನರಾ ಬ್ಯಾಂಕ್. ಹಿಂದೆ ಎರಡು ಜಿಲ್ಲೆಯ ಹೆಸರಿಟ್ಟುಕೊಂಡಿದ್ದ ಬ್ಯಾಂಕಿಗೆ ಕಾಫಿ ಕೆಟ್ಟರೆ ಎಲ್ಲ ಕೆಟ್ಟಂತೆ. ಈಗ ಬೀದರ್‌ನ ತೊಗರಿಯೂ ಬಳ್ಳಾರಿಯ ಮೆಣಸಿನಕಾಯಿಯೂ ಅದರದೇ ಲೆಕ್ಕದಲ್ಲಿ. ಅಪಾಯ ಹಂಚಿಹೋಯಿತು, ಒಳ್ಳೆಯದು. ಜೊತೆಗೆ ಕಾಫಿ ಗೊತ್ತಿರುವವರೂ ಹಂಚಿಹೋದರು. ಸಿಬ್ಬಂದಿ ಕನ್ನಡದವರೇ ಆದ್ದರಿಂದ ಮಾತಿನ ಕಷ್ಟ ಕಮ್ಮಿ, ಹಳ್ಳಿಯವರ ಜೊತೆ ತಾಳ್ಮೆಯೂ ಇದೆ. ಸಣ್ಣ ಬೆಳೆಗಾರರಿಗೆ, ಸ್ವಸಹಾಯ ಸಂಘಗಳಿಗೆ, ಲೈನ್‌ಮನೆಯ ಕಾರ್ಮಿಕರ ಖಾತೆಗೆ ನನ್ನ ವೋಟು ಇದಕ್ಕೇ.

ಸರ್ಕಾರಿ ಬ್ಯಾಂಕು

ನಮ್ಮ ಕಡೆ ಸರ್ಕಾರಿ ಬ್ಯಾಂಕ್ ಅಂದರೆ ಪ್ರಾಣ. ಠೇವಣಿಗೆ, ಪಿಂಚಣಿಗೆ, ಮಕ್ಕಳ ಶಿಕ್ಷಣ ಸಾಲಕ್ಕೆ ನಾನೂ ಇಲ್ಲಿಗೇ ಹೋಗುತ್ತೇನೆ. ಬಡ್ಡಿ, ಶುಲ್ಕ, ಬಾಂಡ್, ಸರ್ಕಾರಿ ವ್ಯವಹಾರ, ಇಡೀ ದೇಶದ ಸಾಲಗಾರರು, ಇಷ್ಟು ಹರಡಿಕೊಂಡಿರುವ ಬ್ಯಾಂಕಿಗೆ ಕೊಡಗಿನ ಒಂದು ಕೆಟ್ಟ ಮಳೆಗಾಲ ಗೊತ್ತೂ ಆಗುವುದಿಲ್ಲ. 2025ರಲ್ಲಿ ಕೆನರಾ ಸೇರಿದಂತೆ ಹಲವು ಸರ್ಕಾರಿ ಬ್ಯಾಂಕುಗಳು ಉಳಿತಾಯ ಖಾತೆಯ ಕನಿಷ್ಠ ಬ್ಯಾಲೆನ್ಸ್ ದಂಡ ತೆಗೆದವು, ಎಸ್‌ಬಿಐ 2020ರಲ್ಲೇ ತೆಗೆದಿತ್ತು.

ತೋಟದ ಸಾಲಕ್ಕೆ ಬಂದರೆ ಮಾತ್ರ ಶಾಖೆ ನೋಡಿ ಹೋಗಿ, ಬ್ಯಾಂಕ್ ನೋಡಿ ಅಲ್ಲ. ಅಧಿಕಾರಿಗಳು ಎರಡು-ಮೂರು ವರ್ಷಕ್ಕೆ ವರ್ಗ ಆಗುತ್ತಾರೆ, ಕಲಿತದ್ದು ಅವರ ಜೊತೆ ಹೊರಡುತ್ತದೆ. ಗೋಣಿಕೊಪ್ಪಲು, ಸಿದ್ದಾಪುರ, ಸುಂಟಿಕೊಪ್ಪದಂಥ ಕಡೆ ವರ್ಷಾನುಗಟ್ಟಲೆ ಕಾಫಿ ಸಾಲವನ್ನೇ ನೋಡಿದ ಶಾಖೆಗಳಲ್ಲಿ ಕಡತಗಳಾದರೂ ಮಾತಾಡುತ್ತವೆ. ಹಳೆ ಗುಮಾಸ್ತರೊಬ್ಬರು ಇದ್ದರೆ ಮ್ಯಾನೇಜರಿಗಿಂತ ಮೊದಲು ಅವರನ್ನು ಹಿಡಿಯಿರಿ, ಕಾಗದ ಪತ್ರ ನೋಡುವ ಬ್ಯಾಂಕಿನ ಪ್ಯಾನೆಲ್ ವಕೀಲರು ಮಡಿಕೇರಿಯವರಾ ವಿರಾಜಪೇಟೆಯವರಾ ಕೇಳಿ. ಊರಿನ ವಕೀಲರಿಗೆ ಜಮ್ಮಾ ಹೊಸದಲ್ಲ.

ದೊಡ್ಡ ಸಾಲಕ್ಕೆ ಇನ್ನೊಂದು ಎಚ್ಚರಿಕೆ. ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿ ಹರಾಜು ಹಾಕಲು ಬ್ಯಾಂಕಿಗೆ ಬಿಡುವ ಸರ್ಫೇಸಿ ಕಾಯ್ದೆಯ 31ನೇ ಸೆಕ್ಷನ್ ಕೃಷಿ ಭೂಮಿಯನ್ನು ಹೊರಗಿಟ್ಟಿದೆ, ಆದರೂ ಕಾಫಿ ತೋಟಗಳಿಗೆ ಹರಾಜು ನೋಟಿಸು ಬಂದು ಬೆಳೆಗಾರರು ಪ್ರತಿಭಟಿಸಿದ್ದು ನಮಗೆಲ್ಲ ಗೊತ್ತು. ಸಹಕಾರಿ ಬ್ಯಾಂಕುಗಳೂ ಈ ಕಾಯ್ದೆ ಬಳಸಬಹುದು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಯಾವ ಬಾಗಿಲಿಗೆ ಹೋದರೂ ಮಾರ್ಟ್‌ಗೇಜ್ ಕಾಗದದಲ್ಲಿ ಭೂಮಿಯನ್ನು ಏನಂತ ಬರೆದಿದ್ದಾರೆ ಓದಿ ಸಹಿ ಹಾಕಿ.

ಖಾಸಗಿ ಬ್ಯಾಂಕು

ಆ್ಯಪ್ ಚೆನ್ನಾಗಿದೆ, ಎಸಿ ಇದೆ, ಫೋನ್ ಎತ್ತುತ್ತಾರೆ. ಹೋಂಸ್ಟೇ ನಡೆಸುವವರಿಗೆ, ಕಾರ್ ಸಾಲಕ್ಕೆ, ಕಾಫಿ ವ್ಯಾಪಾರ ಮಾಡುವವರ ಚಾಲ್ತಿ ಖಾತೆಗೆ ಇದು ಸರಿ. ಪದ್ಧತಿಯ ಬಂಡವಾಳ ಇವರದೇ ಜೋರು. ಮಂಗಳೂರಿನಲ್ಲಿ 1924ರಲ್ಲಿ ಶುರುವಾದ ಕರ್ನಾಟಕ ಬ್ಯಾಂಕಿನಂಥ ಹಳೆಯ ಖಾಸಗಿ ಬ್ಯಾಂಕನ್ನು ಹೊಸ ಕಾಲದ ಬ್ಯಾಂಕುಗಳ ಜೊತೆ ಒಂದೇ ತಕ್ಕಡಿಗೆ ಹಾಕಬೇಡಿ, ಅಲ್ಲಿ ಸಂಬಂಧದ ಭಾಗವೂ ಇದೆ.

ಆದರೆ ಶುಲ್ಕ. ಯುಪಿಐ ವ್ಯವಹಾರಕ್ಕೆ 2020ರಿಂದ ವ್ಯಾಪಾರಿಗಳಿಂದ ಶುಲ್ಕ ತೆಗೆಯುವ ಹಾಗಿಲ್ಲ. ಒಂದು ಕಡೆ ನಿಂತ ಆದಾಯವನ್ನು ಬ್ಯಾಂಕುಗಳು ಬೇರೆ ಕಡೆ ಹುಡುಕುತ್ತವೆ, ಹುಡುಕುವ ಜಾಗ ನಿಮ್ಮ ಜೇಬು. ನನಗೇ ಆಗಿದೆ. ಸಾಲ ಮಂಜೂರಾದ ದಿನ ಒಂದು ಬ್ಯಾಂಕಿನಲ್ಲಿ ಕಾಗದಗಳ ಮಧ್ಯೆ ಒಂದು ಜೀವವಿಮೆ ಅರ್ಜಿಗೂ ಸಹಿ ಹಾಕಿಸಿಕೊಂಡರು, 'ಇದು ಸಾಲದ ಜೊತೆಗೇ ಬರುತ್ತದೆ ಸರ್' ಅಂತ. ಹಾಗೆ ಯಾವ ಕಡ್ಡಾಯವೂ ಇಲ್ಲ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ವಾಪಸ್ ಮಾಡಬಹುದು ಅಂತ ನಿಯಮವೇ ಇದೆ, ನಾನು ಅದನ್ನೇ ಮಾಡಿದೆ. ಸ್ವಲ್ಪ ಕಡಿತ ಆಗಿ ದುಡ್ಡು ಬಂತು. ಇದು ಖಾಸಗಿಯವರ ರೋಗ ಮಾತ್ರ ಅಂದುಕೊಳ್ಳಬೇಡಿ, ಸರ್ಕಾರಿ ಕೌಂಟರಿನಲ್ಲೂ ಟಾರ್ಗೆಟ್ ಇದೆ.

ಸ್ಮಾಲ್ ಫೈನಾನ್ಸ್ ಬ್ಯಾಂಕುಗಳು ಠೇವಣಿಗೆ ಬಡ್ಡಿ ಜಾಸ್ತಿ ಕೊಡುತ್ತವೆ, 5 ಲಕ್ಷದ ವಿಮೆಯೂ ಇದೆ. ಆ ಮಿತಿಯ ಒಳಗೆ ಇಡಿ, ತೋಟದ ಸಾಲಕ್ಕೆ ಹೋಗಬೇಡಿ, ಅಷ್ಟೆ.

ಯಾರು ಎಲ್ಲಿಗೆ

ಎರಡರಿಂದ ಹತ್ತು ಎಕರೆ ಇರುವವರು, ಅದರಲ್ಲೂ ಜಮ್ಮಾ ಜಾಗದವರು: ಬೆಳೆಸಾಲ ಸೊಸೈಟಿಯಲ್ಲೇ. ಬಾವಿ, ಪಂಪು, ಪಲ್ಪರ್, ಕಣದಂಥ ಕೆಲಸಕ್ಕೆ ಮೊದಲು ಅಲ್ಲಿಯ 3% ಸಾಲ ಕೇಳಿ, ಸಿಗದಿದ್ದರೆ ಕಾಫಿ ಗೊತ್ತಿರುವ ಸರ್ಕಾರಿ ಶಾಖೆ. ಕಾಫಿ ಮಾರಿದ ದುಡ್ಡು ಒಂದೇ ಸಲ ಕೈಗೆ ಬಂದಾಗ ಎರಡು ಬ್ಯಾಂಕಿಗೆ ಹಂಚಿ, ಗಂಡ-ಹೆಂಡತಿ ಬೇರೆ ಬೇರೆ ಹೆಸರಿನಲ್ಲಿಟ್ಟರೆ ವಿಮೆಯ ಮಿತಿ ಇಬ್ಬರಿಗೂ ಬೇರೆ ಬೇರೆ ಸಿಗುತ್ತದೆ. ಒಂದೇ ಬ್ಯಾಂಕಿನ ಎರಡು ಶಾಖೆಯಲ್ಲಿ ಇಟ್ಟರೆ ಸಿಗುವುದಿಲ್ಲ, ಒಟ್ಟು ಕೂಡುತ್ತಾರೆ. ನಮ್ಮ ಚಿಕ್ಕಪ್ಪನ ಎರಡು ಬ್ಯಾಂಕು ವಿಲೀನವಾಗಿ ಒಂದೇ ಆಯಿತು, ಅವರಿಗೆ ಅದು ಹೊಳೆದದ್ದು ಎರಡು ವರ್ಷದ ಮೇಲೆ.

ಹೋಂಸ್ಟೇಗೆ ಸಾಲ ಬೇಕಾದವರು ಸೊಸೈಟಿಯ ಬಾಗಿಲಲ್ಲಿ ಕಾಲ ಕಳೆಯಬೇಡಿ. ಸರ್ಕಾರಿ, ಖಾಸಗಿ ಎರಡೂ ಕಡೆ ಅರ್ಜಿ ಹಾಕಿ, ಪ್ರೊಸೆಸಿಂಗ್ ಶುಲ್ಕ, ಮುಂಚೆಯೇ ತೀರಿಸಿದರೆ ದಂಡ, ವಿಮೆ ಈ ಮೂರನ್ನೂ ಬರಹದಲ್ಲಿ ಕೇಳಿ. ವಯಸ್ಸಾದವರ ಪಿಂಚಣಿ ಖಾತೆಗೆ ಬಸ್ ನಿಲ್ಲುವ ಜಾಗಕ್ಕೆ ಹತ್ತಿರದ ಶಾಖೆ ಯಾವುದೋ ಅದೇ ಒಳ್ಳೆ ಬ್ಯಾಂಕ್. ಮಳೆಗಾಲದಲ್ಲಿ ಭಾಗಮಂಡಲದಿಂದ ಮಡಿಕೇರಿಗೆ ಬರುವ ಅಜ್ಜಿಗೆ ಯಾವ ಸೂಚ್ಯಂಕವೂ ಕೊಡೆ ಹಿಡಿಯುವುದಿಲ್ಲ.

ನಮ್ಮ ಸೊಸೈಟಿಯ ಮಹಾಸಭೆ ಸೆಪ್ಟೆಂಬರ್‌ನಲ್ಲಿ. ವರದಿ ಪುಸ್ತಕ ಮನೆಗೆ ಬಂದಿದೆ, ಈ ಸಲ ಡಿವಿಡೆಂಡ್ ಪುಟ ಬಿಟ್ಟು ಸಿಬ್ಬಂದಿ ಖರ್ಚು, ಗೊಬ್ಬರದ ಲಾಭ, ಸುಸ್ತಿ ಸಾಲ ನೋಡಿದೆ. ಕಾರ್ಯದರ್ಶಿಗೆ ಮುಂದಿನ ವರ್ಷ ನಿವೃತ್ತಿ. ಅವರ ಜಾಗಕ್ಕೆ ಯಾರನ್ನು ತಯಾರು ಮಾಡುತ್ತಿದ್ದೀರಿ ಅಂತ ಎದ್ದು ನಿಂತು ಕೇಳುವವನಿದ್ದೇನೆ, ಊಟಕ್ಕೆ ಮುಂಚೆಯೇ, ಯಾಕೆಂದರೆ ಊಟದ ಮೇಲೆ ಸಭೆಯಲ್ಲಿ ಯಾರೂ ಉಳಿಯುವುದಿಲ್ಲ.